ಕಂಪಾಸ್ ಪೆಟ್ಟಿಗೆಯಿಂದ ಗೋಡೆಯವರೆಗೆ

ಚಿತ್ರಕಲಾ ಶಿಕ್ಷಕನಾಗಿಯೂ ಗೋಡೆಚಿತ್ರ ಬರೆಯುವವನಾಗಿಯೂ ಸಾಲಿಯಲ್ಲಿ ಕಲಿತದ್ದರಲ್ಲಿ ನನಗೆ ದಿನಾ ಕೆಲಸಕ್ಕೆ ಬರುವುದು ಡ್ರಾಯಿಂಗ್ ಅವಧಿಗಿಂತ ಹೆಚ್ಚಾಗಿ ಗಣಿತದ ಅವಧಿ ಮತ್ತು ಶುದ್ಧಬರಹ. ನೆರಳು-ಬೆಳಕು, ಬಣ್ಣ ಕಾಲೇಜಿನಲ್ಲಿ ಸಿಗುತ್ತವೆ. ಅಳತೆ ಮಾತ್ರ ಮೊದಲೇ ಬರುತ್ತದೆಂದು ಅಲ್ಲಿ ಹಿಡಿದುಬಿಡುತ್ತಾರೆ.

ಗೋಡೆಗೆ 8 ಅಡಿ ಅಗಲ, 6 ಅಡಿ ಎತ್ತರದ ಚಿತ್ರ ಬೇಕಾದರೆ ಕರಡನ್ನು 8 ಇಂಚು, 6 ಇಂಚಿಗೆ ಬರೆಯುತ್ತೇನೆ. ಕಾಗದದ ಮೇಲೆ ಇಂಚಿಗೊಂದು ಚೌಕ, ಗೋಡೆಯ ಮೇಲೆ ಅಡಿಗೊಂದು, ಎರಡರಲ್ಲೂ 48. ಕಾಗದದ ಒಂದೊಂದು ಚೌಕದಲ್ಲಿದ್ದದ್ದನ್ನು ಗೋಡೆಯ ಅದೇ ಚೌಕಕ್ಕೆ ಹಿಗ್ಗಿಸಿ ಬರೆಯುವುದು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೆರೆ ಮೂಡುತ್ತದೆ. ಕಾವಿಪುಡಿ ಬೇಡ, ತಿಳಿಬಣ್ಣದಲ್ಲಿ ಕಲೆತು ಹೊಲಸಾಗುತ್ತದೆ. ಆಮೇಲೆ ಎರಡೂ ಕರ್ಣ ಅಳೆಯಿರಿ: ಎರಡೂ 10 ಅಡಿ ಬರಬೇಕು. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಚೌಕಟ್ಟು ವಾಲಿದೆ ಎಂದರ್ಥ. ಹಳೆಯ ಕಟ್ಟಡದ ಕಿಟಕಿಯಂಚನ್ನು ನಂಬಿ ಗೆರೆ ಹೊಡೆದಾಗ ಹೀಗಾಗುವುದು ಹೆಚ್ಚು. ಗೌಂಡಿಗಳ ತೂಕದ ಗುಂಡು ಇಳಿಬಿಟ್ಟು ನೋಡುವುದೇ ಲೇಸು.

ವಿಜಯಪುರದ ಮಕ್ಕಳಿಗೆ ವಿನ್ಯಾಸ ಕಲಿಸಲು ಗೋಳಗುಮ್ಮಟದ ಒಳಗೆ ನಿಂತು ಮೇಲೆ ನೋಡಿಸುತ್ತೇನೆ. ಹೊರನೋಟ ಬರೆಸಿದರೆ ಎಲ್ಲರೂ ಒಂದೇ ಪೋಸ್ಟ್‌ಕಾರ್ಡ್ ಬರೆದು ತರುತ್ತಾರೆ. ಒಳಗೆ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ಗೆರೆಯಲ್ಲಿ ಎಂಟು ಕಮಾನುಗಳು ಹೆಣೆದುಕೊಂಡು ಗುಮ್ಮಟವನ್ನು ಹೊತ್ತಿವೆ. ಕಾಗದದಲ್ಲಿ ಅದನ್ನು ಕಾಣಲು 6 ಸೆಂ.ಮೀ. ತ್ರಿಜ್ಯದ ವೃತ್ತ ಸಾಕು. ಒಂದಕ್ಕೊಂದು ಲಂಬವಾಗಿ ಎರಡು ವ್ಯಾಸ ಎಳೆದು, ಕಂಪಾಸಿನಿಂದ ಕೋನಗಳನ್ನು ಅರ್ಧಿಸಿದರೆ ಪರಿಧಿಯಲ್ಲಿ ಎಂಟು ಬಿಂದು. ಒಂದು ಬಿಟ್ಟು ಒಂದು ಸೇರಿಸಿದರೆ ಎರಡು ಚೌಕ, ನಡುವೆ ಅಷ್ಟಭುಜ. ಅದರೊಳಗೆ ಸುಮಾರು 4.2 ಸೆಂ.ಮೀ. ತ್ರಿಜ್ಯದ ವೃತ್ತ ಎಂಟೂ ಬಾಹುಗಳನ್ನು ಮುಟ್ಟಬೇಕು. ಕೋನಮಾಪಕದಿಂದ 45 ಡಿಗ್ರಿ ಗುರುತಿಸಿದವರಿಗೆ ಮುಟ್ಟುವುದಿಲ್ಲ: ಅರ್ಧ ಡಿಗ್ರಿ ತಪ್ಪಿದರೂ ಪರಿಧಿಯಲ್ಲಿ ಬಿಂದು ಅರ್ಧ ಮಿ.ಮೀ. ಸರಿಯುತ್ತದೆ. ಕಂಪಾಸಿನ ತಿರುಪು ಸಡಿಲವಿದ್ದರೂ, ಪೆನ್ಸಿಲ್ ಮೊಂಡಾಗಿದ್ದರೂ ಇದೇ ಗತಿ. ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವವರಿಗೆ ಬಣ್ಣಕ್ಕಿಂತ ಮುಂಚೆ ಈ ಅಭ್ಯಾಸ ಮಾಡಿಸುವುದು ನನ್ನ ರೂಢಿ.

ಪೋಸ್ಟರ್ ಬಣ್ಣದ ಬಗ್ಗೆ ಒಂದೇ ಮಾತು: ತಿಳಿಬಣ್ಣ ಒಣಗಿದಾಗ ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಕಾಗದದ ಅಂಚಿನಲ್ಲಿ ಹಚ್ಚಿ ಒಣಗಿಸಿ ನೋಡಿ.

ಇನ್ನು ಅಕ್ಷರ. ಶಾಲಾ ಫಲಕ ಬರೆಯುವ ಕೆಲಸ ಚಿತ್ರಕಲಾ ಮಾಸ್ತರರಿಗೆ ತಪ್ಪಿದ್ದಲ್ಲ. ಇಂಗ್ಲಿಷ್ ಫಲಕದಂತೆ ಸಾಲುಗಳನ್ನು ಒತ್ತೊತ್ತಾಗಿ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಕ್ಷರಕ್ಕೆ 4 ಇಂಚು ಎತ್ತರ ಕೊಟ್ಟರೆ ಕೆಳಗೆ ಒತ್ತಿಗೆ 2 ಇಂಚು, ಮೇಲೆ ಗುಡಿಸು, ಏತ್ವಕ್ಕೆ 1 ಇಂಚು ಬಿಡುತ್ತೇನೆ. ‘ಲಕ್ಷ್ಮಿ’ಯಂಥ ಹೆಸರಿದ್ದರೆ ಎರಡು ಒತ್ತು ಬರುತ್ತವೆ, ಪೂರ್ತಿ ಬರಹದಲ್ಲಿ ಇಂಥದ್ದನ್ನು ಹುಡುಕಿ, ಅದನ್ನೇ ಮೊದಲು ಪೆನ್ಸಿಲಿನಲ್ಲಿ ಕೂರಿಸಿ, ಉಳಿದ ಸಾಲಿನ ಅಳತೆಯನ್ನು ಅದರಿಂದಲೇ ತೆಗೆದುಕೊಳ್ಳಬೇಕು.