ಪಿನ್ ಜಗ್ಗದೆ ಹಿಡಿ ಒತ್ತಿದ ದಿನ

ನಾನು ಕಲಬುರಗಿಯ ಕಪನೂರಿನಲ್ಲಿ ಒಂದು ಬೇಳೆ ಮಿಲ್‌ನ ಸೂಪರ್‌ವೈಸರ್. ತೊಗರಿ ಬರುತ್ತದೆ, ಬೇಳೆ ಹೋಗುತ್ತದೆ. ನಮಗೆ ಉಳಿಯುವುದು ಹೊಟ್ಟು, ನುಚ್ಚು-ಪುಡಿ ಸೇರಿದ ಚುನ್ನಿ, ಮತ್ತೆ ಕೈ ಇಟ್ಟಲ್ಲೆಲ್ಲ ಅಂಟುವ ದೂಳು. ಆ ದೂಳಿಗೆ ಕಿಡಿ ತಾಗಿದರೆ ಗತಿ ಏನು ಅಂತ ನನಗೆ ಗೊತ್ತಿತ್ತು. ಅದಕ್ಕೇ ಎಲ್ಲರಿಗೂ ತಿಳಿಸಿ ಹೇಳುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ.

ಮೊದಲ ಸಲ ಮಾಡಿದ್ದು ಭಾಷಣ. ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಇರುತ್ತದಲ್ಲ, ಆಗ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹಡಗು ಸಿಡಿದದ್ದು, ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತದ್ದು, ಎಲ್ಲ ಹೇಳಿದೆ. ಹಮಾಲರು ತಲೆ ಆಡಿಸಿದರು. ಒಬ್ಬ ಮಾತ್ರ ಕೇಳಿದ, "ಹಡಗು ನಮ್ಮೂರಿಗಿ ಎಲ್ಲಿ ಬರ್ತದ್ರಿ ಸರ?" ಎಲ್ಲರೂ ನಕ್ಕರು, ಸುಸಲಾ ಮಿರ್ಚಿ ತಿಂದರು, ಕೆಲಸಕ್ಕೆ ಹೋದರು.

ಎರಡು ವಾರ ಆಗಿರಲಿಲ್ಲ. ಕಾಳು ಮೇಲಕ್ಕೆ ಎತ್ತುವ ಎಲಿವೇಟರ್‌ನ ಬೆಲ್ಟ್ ಸರಿದು ತಗಡಿಗೆ ಉಜ್ಜಿ ಉಜ್ಜಿ ಕಾದು, ಬುಡದಲ್ಲಿ ಹೊಗೆ ಎದ್ದಿತು. ಒಬ್ಬ ಹುಡುಗ ಓಡಿಹೋಗಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದ. ಅದಕ್ಕೆ ಯಾರದೋ ಅಂಗಿ ನೇತುಹಾಕಿತ್ತು, ಅದನ್ನೂ ಸೇರಿಸಿ ತಂದಿದ್ದ. ಹಿಡಿ ಒತ್ತಿದ, ಒತ್ತಿದ, ಎರಡೂ ಕೈಯಿಂದ ಒತ್ತಿದ. ಏನೂ ಬರಲಿಲ್ಲ. ಹಿಡಿ ಒತ್ತದಂತೆ ತಡೆಯುವ ಪಿನ್ ಹಾಗೇ ಇತ್ತು. ಅಷ್ಟರಲ್ಲಿ ಹಮಾಲರ ಮುಕಾದಮ್ ಮೇನ್ ಸ್ವಿಚ್ ಬಂದ್ ಮಾಡಿಸಿ ಕುಡಿಯುವ ನೀರಿನ ಕೊಡ ತಂದು ಸುರಿದ. ಆರಿತು. ಆ ಹುಡುಗನ ಮುಖ ನೋಡಿ ನನಗೇ ನಾಚಿಕೆ ಆಯಿತು. ಪಿನ್ ಬಗ್ಗೆ ಹೇಳಿದ್ದೆ ನಿಜ, ಆದರೆ ಅವನ ಕೈಗೆ ಕೊಟ್ಟಿರಲಿಲ್ಲ.

ಆಮೇಲೆ ಭಾಷಣ ಬಿಟ್ಟೆ. ಸಿಲಿಂಡರ್‌ಗಳನ್ನು ರೀಫಿಲ್‌ಗೆ ಕಳಿಸುವ ದಿನ ಹತ್ತಿರ ಬಂದಿತ್ತು. ಹೇಗೂ ಖಾಲಿ ಮಾಡಿಸಿ ತುಂಬಿಸುವುದೇ, ಅವನ್ನೇ ಎಲ್ಲರ ಕೈಯಿಂದ ಹೊಡೆಸಿ ಕಲಿಸೋಣ ಅಂತ ಸಾವಕಾರ್ರಿಗೆ ಹೇಳಿದೆ. ಬೇರೆ ಖರ್ಚಿಲ್ಲ ಅಂದಮೇಲೆ ಅವರೂ ಹೂಂ ಅಂದರು. ಅಂಗಳದಲ್ಲಿ, ಹೊಟ್ಟು ಗೋಣಿಚೀಲ ಎಲ್ಲದರಿಂದ ದೂರ, ಹಳೆ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಡೀಸೆಲ್ ಹಾಕಿ ಹಚ್ಚಿದೆವು. ಪಕ್ಕದಲ್ಲಿ ನೀರಿನ ಡ್ರಮ್ ಇಟ್ಟಿದ್ದೆ.

ಬೇಳೆ ಆರಿಸುವ ಹೆಣ್ಣುಮಕ್ಕಳನ್ನೇ ಮೊದಲು ಕರೆದೆ. "ನಮಗ್ಯಾಕ್ರಿ ಸರ, ಗಂಡಸರಿಗಿ ಹೇಳ್ರಿ" ಅಂತ ಹಿಂದೆ ಸರಿದರು. ಅವರಲ್ಲಿ ಹಿರಿಯಕ್ಕ ಒಬ್ಬರು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಗಾಳಿ ಬೆನ್ನಿಗೆ ಬರುವಂತೆ ನಿಲ್ಲಿಸಿ, "ಪಿನ್ ಜಗ್ಗು, ಬುಡಕ್ಕ ಹಿಡಿ, ಒತ್ತು, ಕಸ ಬಳದಂಗ ಬೀಸು" ಅಂದೆ. ಮೊದಲು ಜ್ವಾಲೆಯ ತಲೆಗೇ ಹೊಡೆದರು, ಸಿಲಿಂಡರಿನ ಪುಡಿ ಎಲ್ಲ ಮೇಲೆ ಹಾರಿಹೋಯಿತು. ಆಮೇಲೆ ಅವರೇ ಬಗ್ಗಿ ಬುಡಕ್ಕೆ ಹಿಡಿದರು. ಫಕ್ಕನೆ ಆರಿತು. "ಇಷ್ಟss ಏನ್ರಿ?" ಅಂದರು. ಅದಾದಮೇಲೆ ಸಾಲು ನಿಂತುಬಿಟ್ಟಿತು.

6 ಕೆ.ಜಿ. ಸಿಲಿಂಡರ್ ಅರ್ಧ ನಿಮಿಷವೂ ಬರಲ್ಲ ಅನ್ನೋದು ಆ ದಿನ ಎಲ್ಲರ ಕಣ್ಣಿಗೂ ಬಿತ್ತು. ಅಷ್ಟರಲ್ಲಿ ಆರದಿದ್ದರೆ ಹೊರಗೆ ಓಡು, ಅಷ್ಟೇ.

ಹೊಟ್ಟಿನ ಬೆಂಕಿ ಮಾತ್ರ ಬೇರೆ ಜಾತಿ. ಮೇಲೆ ಆರಿದಂತೆ ಕಾಣುತ್ತದೆ, ಒಳಗೆ ಕಾಯುತ್ತಲೇ ಇರುತ್ತದೆ. ಪುಡಿಯಿಂದ ಜ್ವಾಲೆ ಹೋಗುತ್ತದೆ, ಕಾವು ಹೋಗಲ್ಲ, ನೀರೇ ಬೇಕು. ಅದನ್ನೂ ಜೋರಾಗಿ ಹೊಡೆಯಬಾರದು, ಮಳೆ ಹನಿದಂತೆ ಚಿಮುಕಿಸಬೇಕು. ಜೋರಾಗಿ ಹೊಡೆದರೆ ದೂಳು ಎದ್ದು ಗಾಳಿಯಲ್ಲೇ ಭಗ್ ಅಂತ ಹತ್ತಿಕೊಳ್ಳುತ್ತದೆ. ಕರೆಂಟಿನ ಪ್ಯಾನಲ್ ಹತ್ತಿರ ಮಾತ್ರ ನೀರಿನ ಹೆಸರೇ ಎತ್ತಬಾರದು. ಇದನ್ನು ನಮ್ಮ ಹಳೆಯ ಮಿಲ್ ಆಪರೇಟರ್ ನನಗಿಂತ ಚೆನ್ನಾಗಿ ಹೇಳಿದರು, ಹಾಗಾಗಿ ಆ ಪಾಠ ಈಗ ಅವರದ್ದೇ.

ಇನ್ನೊಂದು ತಮಾಷೆ. 112ಕ್ಕೆ ಫೋನ್ ಮಾಡಿದಂತೆ ನಟಿಸು ಅಂತ ಮುಕಾದಮ್‌ಗೆ ಹೇಳಿದೆ. "ಕಪನೂರ ಬ್ಯಾಳಿ ಮಿಲ್‌ನಾಗ ಬೆಂಕಿ ಹತ್ಯಾದ್ರಿ, ಲಗೂನ ಬರ್ರಿ." ಯಾವ ಬೇಳೆ ಮಿಲ್ ಅಪ್ಪಾ? ಇಲ್ಲಿ ಕಲ್ಲೆಸೆದರೆ ಮಿಲ್‌ಗೇ ಬೀಳುತ್ತದೆ! ಮಿಲ್ ಹೆಸರು, ರಸ್ತೆ, ಎದುರಿಗಿರುವ ತೂಕದ ಕಟ್ಟೆ, ಇಷ್ಟನ್ನೂ ಫೋನ್ ಪಕ್ಕದ ಗೋಡೆಗೆ ದಪ್ಪ ಕನ್ನಡದಲ್ಲಿ ಬರೆಸಿದೆ. ಓದು ಬಾರದವರಿಗೆ ಬಾಯಿಪಾಠ.

ಎಲ್ಲಕ್ಕಿಂತ ಜಾಸ್ತಿ ಜಗಳ ಆಗಿದ್ದು ಹಿಂದಿನ ಬಾಗಿಲಿಗೆ. ಬೇಳೆ ಕಳುವಾಗುತ್ತದೆ ಅಂತ ಬೀಗ, ಕೀಲಿ ಮುನೀಮರ ಜೇಬಿನಲ್ಲಿ, ಮುನೀಮರು ಬ್ಯಾಂಕಿನಲ್ಲಿ! ಮೂರು ತಿಂಗಳು ಹಿಂದೆ ಬಿದ್ದೆ. ಕೊನೆಗೆ ಬೀಗ ತೆಗೆಸಿ, ಒಳಗಿನಿಂದ ಸರಿಸುವ ಚಿಲಕ ಹಾಕಿಸಿ, ಅದರ ಮೇಲೆ ಸಹಿ ಮಾಡಿದ ಕಾಗದ ಅಂಟಿಸಿದೆವು. ಯಾರಾದರೂ ತೆಗೆದರೆ ಕಾಗದ ಹರಿಯುತ್ತದೆ, ಗೊತ್ತಾಗುತ್ತದೆ. ಸಾವಕಾರ್ರು ಈಗಲೂ ಬಂದಾಗೊಮ್ಮೆ ಆ ಕಾಗದ ಮುಟ್ಟಿ ನೋಡಿ ಹೋಗುತ್ತಾರೆ.

ಸೋತಿರುವುದು ಒಂದೇ ಕಡೆ, ಪ್ಯಾನಲ್ ರೂಮ್. ಜನವರಿಯಲ್ಲಿ ತೊಗರಿ ಲಾರಿ ಬರಲು ಶುರುವಾದರೆ ಖಾಲಿ ಗೋಣಿಚೀಲ ಇಡಲು ಜಾಗ ಸಾಲಲ್ಲ, ಬೆಳಗ್ಗೆ ತೆಗೆಸಿದರೆ ಸಂಜೆ ಮತ್ತೆ ಅಲ್ಲೇ ಬಿದ್ದಿರುತ್ತವೆ. ಈ ಸಲ ಬಾಗಿಲ ಮುಂದೆ ಹಳದಿ ಪಟ್ಟಿ ಬಳಿಸಿದ್ದೇನೆ. ನಿನ್ನೆ ನೋಡಿದರೆ ಚೀಲ ಸರಿಯಾಗಿ ಪಟ್ಟಿಯ ಮೇಲೇ ಜೋಡಿಸಿದ್ದರು.