ಎರಡು ಬೆರಳಿನ ಹಿಡಿತ: ಸ್ಟ್ಯಾಂಡರ್ಡ್ ಸಿರಸ್‌ನಲ್ಲಿ ನನ್ನ ಮೊದಲ ಹಾರಾಟ

ನಾನು ಕೊಂಡ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) 1972ರಲ್ಲಿ ತಯಾರಾದದ್ದು, ಅಂದರೆ ವಯಸ್ಸಿನಲ್ಲಿ ನನಗಿಂತ ಹಿರಿದು. ಕ್ಲೌಸ್ ಹೋಲಿಗ್‌ಹೌಸ್ ಅವರು ವಿನ್ಯಾಸ ಮಾಡಿದ, 1969ರಲ್ಲಿ ಮೊದಲ ಸಲ ಹಾರಿದ ಸ್ಟ್ಯಾಂಡರ್ಡ್ ಸಿರಸ್ 15 ಮೀಟರ್ ರೆಕ್ಕೆಯ ಒಂಟಿ ಆಸನದ ಗ್ಲೈಡರ್. ಒಟ್ಟು 800ಕ್ಕೂ ಹೆಚ್ಚು ತಯಾರಾದ್ದರಿಂದ ಇಂದಿಗೂ ಸುಲಭವಾಗಿ ಸಿಗುತ್ತದೆ. ದಕ್ಷಿಣ ಜರ್ಮನಿಯ ಸ್ವೇಬಿಯನ್ ಆಲ್ಬ್ ಬೆಟ್ಟಸಾಲಿನ ಕೆಳಗಿರುವ ನಮ್ಮ ಹುಲ್ಲಿನ ಮೈದಾನದಲ್ಲಿ ನಾನು ಅಲ್ಲಿಯವರೆಗೆ ಹೆಚ್ಚಾಗಿ ಹಾರಿಸಿದ್ದು ಕ್ಲಬ್ಬಿನ ಎರಡು ಆಸನದ ಎಎಸ್‌ಕೆ 21. ಅದು ಹೊಸಬರ ತಪ್ಪುಗಳನ್ನು ಮನ್ನಿಸುವ ಸ್ವಭಾವದ್ದು. ಸಿರಸ್ ಹಾಗಲ್ಲವೆಂದು ಎಲ್ಲರೂ ಎಚ್ಚರಿಸಿದ್ದರು.

ಎಚ್ಚರಿಕೆಯ ಕಾರಣ ಅದರ ಬಾಲದಲ್ಲಿದೆ. ಎಎಸ್‌ಕೆ 21ರಲ್ಲಿ ಬಾಲದ ಅಡ್ಡರೆಕ್ಕೆಯ ಮುಂಭಾಗ ಸ್ಥಿರವಾಗಿದ್ದು, ಹಿಂಭಾಗದ ಎಲಿವೇಟರ್ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಸಿರಸ್‌ನಲ್ಲಾದರೋ ಇಡೀ ಅಡ್ಡರೆಕ್ಕೆಯೇ ತಿರುಗುತ್ತದೆ; ಆದ್ದರಿಂದ ಸ್ಟಿಕ್ (ಪೈಲಟ್ ಕೈಯಲ್ಲಿರುವ ಚಾಲನಾ ಹಿಡಿಕೆ) ಬಹಳ ಹಗುರವಾಗಿರುತ್ತದೆ, ಅದನ್ನು ಸ್ವಲ್ಪವೇ ಕದಲಿಸಿದರೂ ಮೂತಿ ತಟ್ಟನೆ ಏಳುತ್ತದೆ ಅಥವಾ ಬಾಗುತ್ತದೆ. ಗಾಬರಿಯಿಂದ ಸರಿಪಡಿಸಲು ಹೋದರೆ ಸರಿಪಡಿಸುವಿಕೆಯೇ ಮುಂದಿನ ಏರಿಳಿತಕ್ಕೆ ಕಾರಣವಾಗಿ, ಗ್ಲೈಡರ್ ಅಲೆಯ ಮೇಲಿನ ದೋಣಿಯಂತೆ ಹೊಯ್ದಾಡತೊಡಗುತ್ತದೆ.

ತೂಕದ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಪೈಲಟ್ ಹಗುರವಾಗಿದ್ದಷ್ಟೂ ಗುರುತ್ವ ಕೇಂದ್ರ ಹಿಂದೆ ಸರಿದು, ಮೊದಲೇ ಚುರುಕಾದ ಎಲಿವೇಟರ್ ಇನ್ನಷ್ಟು ಚುರುಕಾಗುತ್ತದೆ. ನನ್ನ ಗ್ಲೈಡರಿನ ಫಲಕದಲ್ಲಿ ಆಸನದ ಕನಿಷ್ಠ ಭಾರ 70 ಕಿಲೋ ಎಂದಿದೆ. ನನ್ನ ತೂಕ 56, ಪ್ಯಾರಾಚೂಟ್ 7. ಜರ್ಮನ್ ಗೆಳೆಯರು ಹೊಟ್ಟೆ ಕರಗಿಸಲು ಒದ್ದಾಡುತ್ತಿದ್ದಾಗ ನಾನು 10 ಕಿಲೋ ಸೀಸ ತುಂಬಿದ ದಿಂಬನ್ನು ಆಸನಕ್ಕೆ ಬಿಗಿದುಕೊಳ್ಳಬೇಕಾಯಿತು. ಕನಿಷ್ಠಕ್ಕಿಂತ 3 ಕಿಲೋ ಹೆಚ್ಚಾಗಿಯೇ ಇರಲಿ ಎಂದು ನಿರ್ಧರಿಸಿದ್ದು ಆ ದಿನ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಟ್ರೈಲರಿನಿಂದ ಇಳಿಸಿ ಜೋಡಿಸುವಾಗ ಹಳೆಯ ಮಾಲೀಕರು ಪಕ್ಕದಲ್ಲೇ ಇದ್ದರು. ರೆಕ್ಕೆಗಳ ಮುಖ್ಯ ಬೋಲ್ಟ್ ಹಾಕಿದ ಮೇಲೆ, ಒಡಲಿನೊಳಗೆ ಕೈತೂರಿಸಿ ಏಲೆರಾನ್ (ಗ್ಲೈಡರನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಮತ್ತು ಏರ್‌ಬ್ರೇಕಿನ (ಇಳಿಯಲು ರೆಕ್ಕೆಯಿಂದ ಮೇಲೇಳುವ ತಡೆಹಲಗೆ) ಸರಳುಗಳನ್ನು ಗುಂಡು-ಬಟ್ಟಲಿನ ಕೊಂಡಿಗಳಿಂದ ಸೇರಿಸಬೇಕು. ಇವು ಕೂಡಿಕೊಂಡಂತೆ ಕಂಡೂ ಕೂಡಿರದೆ ಹೋಗಬಹುದು. ಇಂಥ ಮರೆವಿನಿಂದ ಗ್ಲೈಡರ್ ಲೋಕದಲ್ಲಿ ಜೀವಗಳು ಹೋಗಿವೆ. ಪ್ರತಿ ಕೊಂಡಿಯನ್ನೂ ಎಳೆದು ನೋಡಿ, ಸುರಕ್ಷತಾ ಪಿನ್ ಸಿಕ್ಕಿಸಿದೆ. ಆಮೇಲೆ ಅವರು ಹೊರಗೆ ಒಂದೊಂದೇ ಪಟ್ಟಿಯನ್ನು ಕೈಯಲ್ಲಿ ಅದುಮಿ ಹಿಡಿದರು, ನಾನು ಒಳಗಿನಿಂದ ಸ್ಟಿಕ್ಕನ್ನು ಒತ್ತಿ ಅವರ ಕೈಗೆ ಬಲ ತಲುಪುತ್ತಿದೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆ. ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಬಳಿಕ ಗಾಜಿನ ಮುಚ್ಚಳ ಹಾಕದೆ ಅರ್ಧ ಗಂಟೆ ಸುಮ್ಮನೆ ಒಳಗೆ ಕುಳಿತು, ಕಣ್ಣುಮುಚ್ಚಿ ಪ್ರತಿ ಹಿಡಿಕೆಯನ್ನೂ ಮುಟ್ಟಿ ಕೈಗೆ ಅಭ್ಯಾಸ ಮಾಡಿಸಿದೆ.

“ಮುಂದೋಳನ್ನು ತೊಡೆಯ ಮೇಲೆ ಒರಗಿಸು, ಸ್ಟಿಕ್ಕನ್ನು ಎರಡೇ ಬೆರಳಲ್ಲಿ ಹಿಡಿ, ಚಕ್ರದ ತಂಟೆಗೆ ಹೋಗಬೇಡ,” ಎಂದರು ಅವರು. ಎಎಸ್‌ಕೆ 21ರ ಚಕ್ರ ಒಳಗೆ ಮಡಚುವುದಿಲ್ಲ, ಸಿರಸ್‌ನದು ಮಡಚುತ್ತದೆ. ಒಂದು ಕೈಯಿಂದ ಅದನ್ನು ಎಳೆಯುವಾಗ ಇನ್ನೊಂದು ಕೈ ತಿಳಿಯದೆಯೇ ಸ್ಟಿಕ್ಕನ್ನು ಅಲುಗಿಸಿಬಿಡುತ್ತದೆ.

ನೆಲದ ಮೇಲಿನಿಂದ ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರದ ಬದಲು ವಿಮಾನದ ಹಿಂದೆ ಹಗ್ಗ ಕಟ್ಟಿಸಿಕೊಂಡು ಏರಲು ನಿರ್ಧರಿಸಿದ್ದೆ, ಏಕೆಂದರೆ ಪರೀಕ್ಷೆಗಳಿಗೆ ಎತ್ತರ ಬೇಕಿತ್ತು. ನೆಲ ಬಿಟ್ಟ ಹತ್ತು ಸೆಕೆಂಡಿನೊಳಗೆ ನಾನು ಮುಷ್ಟಿ ಬಿಗಿದಿದ್ದೆ, ಗ್ಲೈಡರ್ ಮೂರು ಸಲ ಏರಿ ಇಳಿಯಿತು, ಹಗ್ಗ ಸಡಿಲವಾಗಿ ಮತ್ತೆ ಜಗ್ಗಿತು. ಸರಿಪಡಿಸುವ ಪ್ರಯತ್ನವನ್ನೇ ನಿಲ್ಲಿಸಿ ತೋಳನ್ನು ತೊಡೆಗೆ ಊರಿದ ಕೂಡಲೇ ಹೊಯ್ದಾಟ ತಾನಾಗಿ ನಿಂತಿತು. ಉಳಿದ ಏರಿಕೆಯುದ್ದಕ್ಕೂ ಆ ತೋಳನ್ನು ಮೇಲೆತ್ತಲಿಲ್ಲ.

900 ಮೀಟರಿನಲ್ಲಿ ಹಗ್ಗ ಬಿಟ್ಟೆ. ಸುತ್ತ ಬೇರೆ ಗ್ಲೈಡರ್ ಇಲ್ಲವೆಂದು ಎರಡೂ ಕಡೆ ತಿರುಗಿ ನೋಡಿ, ಮೂತಿಯನ್ನು ನಿಧಾನವಾಗಿ ಎತ್ತುತ್ತ ವೇಗ ತಗ್ಗಿಸಿದೆ. ಗಂಟೆಗೆ 65 ಕಿಲೋಮೀಟರಿನ ಆಸುಪಾಸಿನಲ್ಲಿ, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸೂಚನೆಯಾಗಿ ಸಣ್ಣ ನಡುಕ ಬಂದು ಎಡ ರೆಕ್ಕೆ ಕುಸಿಯಿತು. ಸ್ಟಿಕ್ಕನ್ನು ಮುಂದೆ ಸಡಿಲಿಸಿ, ಬಲಗಾಲಿನ ಪೆಡಲ್ ಒತ್ತಿದಾಗ ಸರಿಯಾಯಿತು. ಇದನ್ನು ಮೂರು ಸಲ ಮಾಡಿದೆ, ಏಕೆಂದರೆ ಇಳಿಯುವ ವೇಗವನ್ನು ಇನ್ನೊಬ್ಬರ ಮಾತಿನಿಂದಲ್ಲ, ಈ ನಡುಕದಿಂದ ಲೆಕ್ಕ ಹಾಕಬೇಕೆಂದು ನನ್ನ ಹಟ. ಏರ್‌ಬ್ರೇಕ್ ತೆರೆದು ಮುಚ್ಚಿಯೂ ನೋಡಿದೆ. ಅವು ರೆಕ್ಕೆಯ ಮೇಲ್ಭಾಗದಲ್ಲಿ ಮಾತ್ರ ಏಳುತ್ತವೆ, ಎಎಸ್‌ಕೆ 21ರಷ್ಟು ಬಲವಾಗಿ ತಡೆಯುವುದಿಲ್ಲ.

ಟೆಕ್ ಕೋಟೆಯ ಕಡೆಗೆ ಒಂದು ‘ಬಾರ್ಟ್’ ಸಿಕ್ಕಿತು. ಮೇಲೇಳುವ ಬಿಸಿಗಾಳಿಯನ್ನು ಇಲ್ಲಿನ ಪೈಲಟ್‌ಗಳು ಗಡ್ಡವೆಂದು ಏಕೆ ಕರೆಯುತ್ತಾರೋ! ಗ್ಲೈಡರ್ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ, ಗಾಜಿನ ಮೇಲಿನ ಉಣ್ಣೆಯ ಎಳೆಯನ್ನು ನೇರವಾಗಿಟ್ಟುಕೊಂಡು ಸುತ್ತುವುದು ನಿರೀಕ್ಷಿಸಿದ್ದಕ್ಕಿಂತ ಸುಲಭವಾಗಿತ್ತು. ಏರುವ ಇಳಿಯುವ ವೇಗವನ್ನು ತಿಳಿಸುವ ವೇರಿಯೋಮೀಟರಿನ ದನಿ ಏರುತ್ತ ಹೋಯಿತು.

42 ನಿಮಿಷದ ಬಳಿಕ, ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿ ಇಳಿಯಲು ಬಂದೆ. ಏರ್‌ಬ್ರೇಕ್ ಪೂರ್ತಿ ತೆರೆದಿದ್ದರೂ ಗ್ಲೈಡರ್ ಹುಲ್ಲಿನ ಮೇಲೆ ತೇಲುತ್ತಲೇ ಇದ್ದು, ನಾನು ಗುರುತಿಟ್ಟ ಜಾಗವನ್ನು ಸುಮಾರು 150 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಹಳೆಯ ಮಾಲೀಕರು ನಡೆದು ಬಂದು ರೆಕ್ಕೆಯ ತುದಿ ಹಿಡಿದರು, ಏರಿಕೆಯ ಹೊಯ್ದಾಟವನ್ನು ಎಣಿಸಿದ್ದರು: “ಮೂರೇ ಸಲ. ನಾನು ಮೊದಲ ದಿನ ಏಳು ಸಲ ಕುಣಿದಿದ್ದೆ.” ಚಕ್ರವನ್ನು ಒಳಗೆ ಮಡಚಿದ್ದು ನಾಲ್ಕನೆಯ ಹಾರಾಟದಲ್ಲಿ, ಅದೂ ಹಗ್ಗ ಬಿಟ್ಟು ಎರಡು ನಿಮಿಷ ಕಳೆದ ಮೇಲೆ.