ಬೆಂಗಳೂರಲ್ಲಿ ಬಾಡಿಗೆಗೆ ಕೊಡಲು ಮೊದಲ ಫ್ಲಾಟ್ ಕೊಂಡ ಬಗೆ

ಬೆಂಗಳೂರಲ್ಲಿ ಸಾಲ ಮಾಡಿ ಫ್ಲಾಟ್ ಕೊಂಡು, ಬರುವ ಬಾಡಿಗೆಯಲ್ಲೇ ಇಎಂಐ ಕಟ್ಟಿಬಿಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿ ಮಾಮೂಲಿ ಫ್ಲಾಟಿಗೆ ವರ್ಷದ ಬಾಡಿಗೆ ಅದರ ಬೆಲೆಯ ನೂರಕ್ಕೆ ಮೂರೋ ಮೂರೂವರೆಯೋ ಬರುತ್ತದೆ. ಸಾಲದ ಬಡ್ಡಿ ಅದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಇಷ್ಟು ಗೊತ್ತಿದ್ದೂ ನಾನು 2021ರ ಕೊನೆಯಲ್ಲಿ ಒಂದು ಹಳೇ ಫ್ಲಾಟ್ ಕೊಂಡೆ, ಬಾಡಿಗೆಗೆ ಕೊಡುವುದಕ್ಕಂತಲೇ. ಇವತ್ತಿಗೂ ಅದು ಸರಿಯಾದ ನಿರ್ಧಾರ ಅನಿಸುತ್ತದೆ. ಅಪ್ಪನ ಆಸ್ತಿ ಇಲ್ಲದ, ಸಂಬಳವನ್ನೇ ನಂಬಿಕೊಂಡ, ಮೊದಲ ಸಲ ಕೈ ಹಾಕುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಅಪ್ಪನದು ಒಂದೇ ಮಾತು. "ಸೈಟ್ ತಗೋ ಮಗಳೇ. ಫ್ಲಾಟಲ್ಲಿ ಏನಿದೆ?" ಹಾಸನದ ಕಡೆಯ ಅಪ್ಪಂದಿರೆಲ್ಲ ಹೀಗೇ ಹೇಳುತ್ತಾರೇನೋ. ಅವರ ಮಾತು ಸುಳ್ಳಲ್ಲ. ಕಾಲ ಕಳೆದಂತೆ ಬೆಲೆ ಏರುವುದು ನೆಲಕ್ಕೆ, ಕಟ್ಟಡಕ್ಕಲ್ಲ. ಆದರೆ ನನ್ನ ದುಡ್ಡಿಗೆ ಸಿಗುತ್ತಿದ್ದವೆಲ್ಲ ಊರಾಚೆಯ ರೆವಿನ್ಯೂ ಸೈಟುಗಳು. ಕೃಷಿ ಜಮೀನಿಗೆ ಮನೆ ಕಟ್ಟಲು ಬೇಕಾದ ಭೂಪರಿವರ್ತನೆ ಆಗಿಲ್ಲ, ಬಡಾವಣೆ ನಕ್ಷೆಗೆ ಅನುಮತಿ ಇಲ್ಲ, ಬ್ಯಾಂಕ್ ಸಾಲ ಸಿಗುವುದಿಲ್ಲ. ಬಾಡಿಗೆಯಂತೂ ಇಲ್ಲವೇ ಇಲ್ಲ. ವಾರಕ್ಕೊಮ್ಮೆ ಹೋಗಿ ಯಾರಾದರೂ ಬೇಲಿ ಹಾಕಿದ್ದಾರಾ ಅಂತ ನೋಡಿಕೊಂಡು ಬರಬೇಕು.

ಹಾಗಂತ ಅಪ್ಪನ ಮಾತನ್ನು ಬಿಡಲಿಲ್ಲ. ಫ್ಲಾಟ್ ನೋಡುವಾಗಲೂ ನೆಲದ ಲೆಕ್ಕವನ್ನೇ ಹಿಡಿದೆ. ಪ್ರತಿ ಫ್ಲಾಟಿಗೂ ಕಟ್ಟಡದ ಜಾಗದಲ್ಲಿ ಒಂದು ಪಾಲು ಇರುತ್ತದೆ, ಯುಡಿಎಸ್ ಅನ್ನುತ್ತಾರೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಅದು ಇಷ್ಟು ಚದರ ಅಡಿ ಅಂತ ಬರೆದಿರುತ್ತದೆ. 60×80 ಸೈಟಿನಲ್ಲಿ ಹನ್ನೆರಡು ಒಂದೇ ಅಳತೆಯ ಮನೆಗಳಿದ್ದರೆ ಒಂದೊಂದಕ್ಕೆ 400 ಚದರ ಅಡಿ ಬಂತು. ಇಪ್ಪತ್ತು ಮಹಡಿಯ ಹೊಸ ಟವರಿನಲ್ಲಿ ಇಷ್ಟು ಸಿಗುವುದು ಕಷ್ಟ. ಈಜುಕೊಳ, ಜಿಮ್ಮು ಇಲ್ಲದ ಸಣ್ಣ ಹಳೇ ಅಪಾರ್ಟ್‌ಮೆಂಟುಗಳ ಕಡೆ ನಾನು ತಿರುಗಿದ್ದು ಇದೇ ಕಾರಣಕ್ಕೆ.

ಜಾಗ ಯಾವುದು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ತುಮಕೂರು ರಸ್ತೆಯಲ್ಲಿ, ನಾಗಸಂದ್ರ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ ನೋಡಿದೆ. ಅಲ್ಲಿ 2015ರಿಂದಲೇ ರೈಲು ಓಡುತ್ತಿತ್ತು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ, ಅಲ್ಲಿ ಕೆಲಸ ಮಾಡುವವರಿಗೆ ವರ್ಷವಿಡೀ ಮನೆ ಬೇಕು. "ಇಲ್ಲಿಗೆ ಮೆಟ್ರೊ ಬರುತ್ತೆ ಮೇಡಂ" ಅಂತ ಬೇರೆ ಕಡೆ ತೋರಿಸಿದವರೂ ಇದ್ದರು. ಬರುತ್ತದೆ, ಆದರೆ ಯಾವಾಗ? ಬೊಮ್ಮಸಂದ್ರದ ಹಳದಿ ಮಾರ್ಗ ವರ್ಷಗಟ್ಟಲೆ ತಡವಾಗಿ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಬರುವ ಮೆಟ್ರೊಗೆ ಇವತ್ತೇ ದುಡ್ಡು ಕೊಟ್ಟವರು ಅಷ್ಟು ವರ್ಷ ಬಡ್ಡಿಯನ್ನೂ ಕಟ್ಟುತ್ತಾರೆ. ಕಿಸೆ ಸಣ್ಣದಿದ್ದವರು ಈಗಾಗಲೇ ಇರುವುದಕ್ಕೆ ಮಾತ್ರ ದುಡ್ಡು ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ದುಬಾರಿ ಊರಲ್ಲಿ ಕಡಿಮೆ ಬೆಲೆಗೆ ಸಿಗುವ ಪ್ರತಿ ಮನೆಯಲ್ಲೂ ಏನೋ ಒಂದು ಕೊರತೆ ಇರುತ್ತದೆ. ಅದು ಯಾವ ಥರದ ಕೊರತೆ ಅಂತ ಗುರುತಿಸುವುದೇ ನಮ್ಮ ಕೆಲಸ. ಬಣ್ಣ ಹೋಗಿದೆ, ಬಾತ್‌ರೂಮಿನ ಟೈಲ್ಸ್ ಒಡೆದಿದೆ, ವೈರಿಂಗ್ ಹಳೆಯದು, ಅಡುಗೆಮನೆ ಕಪಾಟು ಗೆದ್ದಲು ಹಿಡಿದಿದೆ. ಇವೆಲ್ಲ ದುಡ್ಡಿಗೆ ಸರಿಹೋಗುವಂಥವು. ಎಷ್ಟು ಖರ್ಚು ಅಂತ ಮೇಸ್ತ್ರಿ ಬರೆದುಕೊಡುತ್ತಾರೆ. ಕಾಗದದ ಕೊರತೆ ಹಾಗಲ್ಲ. ಬಿ ಖಾತಾ (ನಿಯಮದಂತೆ ಇಲ್ಲದ ಆಸ್ತಿಗೆ ಪಾಲಿಕೆ ಕೊಡುವ ಖಾತಾ, ಎಲ್ಲ ಸರಿ ಇದ್ದರೆ ಎ ಖಾತಾ), ಒಸಿ ಅಂದರೆ ವಾಸಕ್ಕೆ ಪಾಲಿಕೆ ಕೊಡುವ ಅನುಮತಿ ಪತ್ರ ಇಲ್ಲದ ಕಟ್ಟಡ, ಕ್ರಯಪತ್ರ ಇಲ್ಲದೆ ಬರೀ ಜಿಪಿಎ ಅಂದರೆ ಅಧಿಕಾರಪತ್ರದ ಮೇಲೆ ಕೈ ಬದಲಾದ ಆಸ್ತಿ, ರಾಜಕಾಲುವೆ ಅಂದರೆ ಮಳೆನೀರಿನ ದೊಡ್ಡ ಕಾಲುವೆ ಮೇಲೆ ಎದ್ದ ಗೋಡೆ. ಇವು ಯಾವಾಗ ಸರಿಹೋಗುತ್ತವೆ, ಎಷ್ಟು ಖರ್ಚಾಗುತ್ತದೆ ಅಂತ ನಾನು ಕೊಳ್ಳುವಾಗ ಯಾರೂ ಬರೆದುಕೊಡುತ್ತಿರಲಿಲ್ಲ. ಮೊದಲನೇ ಥರದ ಮನೆ ಹುಡುಕಿ ಚೌಕಾಸಿ ಮಾಡಿ. ಎರಡನೆಯದು ಎಷ್ಟೇ ಅಗ್ಗವಾಗಿ ಬಂದರೂ ಬಿಟ್ಟುಬಿಡಿ. "ಎ ಖಾತಾ ಆಗುತ್ತೆ" ಅನ್ನುವವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಆಗಲಿ ಸಾರ್, ಆದ ಮೇಲೆ ಬಂದು ಕೊಳ್ಳುತ್ತೇನೆ.

ನಾನು ಕೊಂಡ ಮನೆಗೆ ಮಾಲೀಕರು 52 ಲಕ್ಷ ಹೇಳಿದ್ದರು. ಅವರು ಪುಣೆಯಲ್ಲಿ ಇರುವವರು. ಮನೆ ಖಾಲಿ ಬಿದ್ದಿತ್ತು, ನೋಡಲು ಬಂದವರೆಲ್ಲ ಬಾತ್‌ರೂಮ್ ನೋಡಿ ವಾಪಸ್ ಹೋಗುತ್ತಿದ್ದರು. ನಾನು ಮೇಸ್ತ್ರಿಯ ಎಸ್ಟಿಮೇಟ್ ಮುಂದಿಟ್ಟು ಮಾತಾಡಿದೆ. 46 ಲಕ್ಷಕ್ಕೆ ಒಪ್ಪಿದರು. ರಿಪೇರಿಗೆ 3 ಲಕ್ಷ, ನೋಂದಣಿಗೆ ಇನ್ನೊಂದು 3 ಲಕ್ಷ. ಆಗ ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು, ನೋಂದಣಿ ಶುಲ್ಕ ಎಲ್ಲ ಸೇರಿ ನೂರಕ್ಕೆ 6.6 ಇತ್ತು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2ಕ್ಕೆ ಏರಿರುವುದರಿಂದ ಈಗ 7.6 ಆಗುತ್ತದೆ. ಈ ದುಡ್ಡಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಟ್ಟು 52 ಲಕ್ಷ ಬಿತ್ತು. ಬಾಡಿಗೆ ತಿಂಗಳಿಗೆ 16,500 ಬಂತು. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಅಂತ ಹಿಡಿದೆ. ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿಗೆ 25,000 ತೆಗೆದಿಟ್ಟೆ. ಕೈಗೆ ಉಳಿಯುವುದು 1.56 ಲಕ್ಷ, ಅಂದರೆ ಸರಿಯಾಗಿ ನೂರಕ್ಕೆ ಮೂರು. ಎಫ್‌ಡಿಯಲ್ಲಿ ಇದಕ್ಕಿಂತ ಜಾಸ್ತಿ ಬರುತ್ತದೆ, ನಿಜ. ಆದರೆ ಎಫ್‌ಡಿ ಬಡ್ಡಿ ಪ್ರತಿ ವರ್ಷ ಏರುವುದಿಲ್ಲ, ಈ ಬಾಡಿಗೆ ಈಗ 22,000 ಆಗಿದೆ. ನೆಲದ ಪಾಲೂ ನನ್ನದೇ. ಈ ಎರಡರ ಮೇಲೆ ನಂಬಿಕೆ ಇದ್ದರೆ, ಮಧ್ಯದ ವರ್ಷಗಳನ್ನು ತಡೆದುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಕೊಳ್ಳಿ.

ಆ ತಡೆದುಕೊಳ್ಳುವ ಶಕ್ತಿಯನ್ನು ಮೊದಲೇ ಲೆಕ್ಕ ಹಾಕಬೇಕು. ಬ್ಯಾಂಕು ನನಗೆ ಮನೆ ಬೆಲೆಯ 80 ಪರ್ಸೆಂಟ್‌ವರೆಗೂ ಸಾಲ ಕೊಡಲು ತಯಾರಿತ್ತು. ನಾನು ತೆಗೆದುಕೊಂಡದ್ದು 30 ಲಕ್ಷ. ಆಗ ಬಡ್ಡಿ 7 ಪರ್ಸೆಂಟ್ ಆಸುಪಾಸು, ಇಪ್ಪತ್ತು ವರ್ಷಕ್ಕೆ ಇಎಂಐ ಸುಮಾರು 23,260. ಆದರೆ ನಾನು ಕೂತು ಲೆಕ್ಕ ಹಾಕಿದ್ದು 9.5 ಪರ್ಸೆಂಟ್‌ಗೆ, ಅಂದರೆ ಸುಮಾರು 27,960ಕ್ಕೆ. ಅಷ್ಟು ಕಟ್ಟಿದ ಮೇಲೂ ಮನೆ ಖರ್ಚು ನಡೆಯುತ್ತದಾ ಅಂತ ನೋಡಿದ ಮೇಲೆಯೇ ಮುಂದುವರಿದೆ. ಈಗಿನ ಫ್ಲೋಟಿಂಗ್, ಅಂದರೆ ಬಡ್ಡಿ ಬದಲಾಗುತ್ತಿರುವ ಸಾಲಗಳು ಹೆಚ್ಚಾಗಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ ಕಟ್ಟಿಕೊಂಡಿರುತ್ತವೆ. 2022ರ ಮೇನಲ್ಲಿ 4 ಪರ್ಸೆಂಟ್ ಇದ್ದ ರೆಪೊ 2023ರ ಫೆಬ್ರುವರಿಗೆ 6.5 ಆಯಿತು. ಸರಿಯಾಗಿ ಎರಡೂವರೆ ಪರ್ಸೆಂಟ್ ಏರಿಕೆ, ಒಂದು ವರ್ಷ ತುಂಬುವುದರೊಳಗೆ. ಹೊಸ ಸಾಲದ ಮೇಲೆ ಇಷ್ಟು ಏರಿದಾಗ ಹಳೇ ಇಎಂಐ ಬಡ್ಡಿಗೇ ಸಾಲುವುದಿಲ್ಲ, ಅಸಲು ಒಂದು ರೂಪಾಯಿಯೂ ತೀರುವುದಿಲ್ಲ. ಇವತ್ತಿನ ಬಡ್ಡಿಗೆ ಲೆಕ್ಕ ಹಾಕಿ ಸಾಲ ಮಾಡಬೇಡಿ ಅನ್ನುವುದು ಇದಕ್ಕೇ.

ಕಾಗದಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಅವಸರ ಬೇಡವೇ ಬೇಡ. ಬ್ಯಾಂಕು ಹೇಗೂ ಲೀಗಲ್ ಒಪೀನಿಯನ್ ತೆಗೆಸುತ್ತದೆ, ನಾವು ಯಾಕೆ ಬೇರೆ ವಕೀಲರಿಗೆ ದುಡ್ಡು ಕೊಡಬೇಕು ಅಂತ ಕೆಲವರು ಕೇಳುತ್ತಾರೆ. ಬ್ಯಾಂಕ್ ನೋಡುವುದು ತನ್ನ ಸಾಲ ಸುರಕ್ಷಿತವಾ ಅಂತ. ನಿಮ್ಮ ಪರ ನೋಡುವವರು ಒಬ್ಬರು ಬೇಕು. ನಮ್ಮ ವಕೀಲರು ಮೂಲ ಪತ್ರದಿಂದ ಶುರುಮಾಡಿದರು. ಕಟ್ಟಡ ಎದ್ದ ಜಾಗ ಹಿಂದೆ ಒಂದು ಕುಟುಂಬದ ಜಮೀನು. ವಕೀಲರು ಆ ಕುಟುಂಬದ ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳು ಸಹಿ ಮಾಡಿದ್ದಾರಾ ಅಂತ ಒಂದೊಂದೇ ಹೆಸರು ಹಿಡಿದು ನೋಡಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ, ಇಲ್ಲವೇ ಆಸ್ತಿ ಮಾರಾಟ ಆಗಿದ್ದರೆ ಅದನ್ನು ಈ ಕಾನೂನು ಮುಟ್ಟುವುದಿಲ್ಲ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಾ ಅಂತಲೂ ನೋಡಿದರು. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಇದೆ.

ಇಸಿ, ಅಂದರೆ ಆಸ್ತಿಯ ಮೇಲಿನ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸುವುದು ಈಗ ಸುಲಭ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಆದರೆ ಇಸಿಯಲ್ಲಿ ಕಾಣುವುದು ನೋಂದಣಿ ಆದ ವ್ಯವಹಾರ ಮಾತ್ರ. ಬಿಳಿ ಹಾಳೆಯಲ್ಲಿ ಬರೆದುಕೊಂಡ ಕರಾರು ಅಲ್ಲಿ ಇರುವುದಿಲ್ಲ, ಕೋರ್ಟಿನಲ್ಲಿರುವ ಕೇಸೂ ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ ಮಾರುವವರ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ. ಅಸಲು ಕಾಗದ ಕಣ್ಣಾರೆ ನೋಡದೆ ಟೋಕನ್ ಅಂತ ಮುಂಗಡ ಕೊಡಬೇಡಿ. ನಮ್ಮ ಮಾಲೀಕರ ಸಾಲ ಇನ್ನೂ ತೀರಿರಲಿಲ್ಲ, ಅಸಲು ಪತ್ರಗಳೆಲ್ಲ ಅವರ ಬ್ಯಾಂಕಿನಲ್ಲಿದ್ದವು. ಇದಕ್ಕೆ ಹೆದರಬೇಕಾಗಿಲ್ಲ. ಬಾಕಿ ಎಷ್ಟು, ಯಾವ ಯಾವ ಪತ್ರ ಇಟ್ಟುಕೊಂಡಿದ್ದಾರೆ ಅಂತ ಆ ಬ್ಯಾಂಕಿನಿಂದಲೇ ಬರೆಸಿಕೊಂಡೆವು. ನನ್ನ ಬ್ಯಾಂಕು ಆ ಬಾಕಿಯನ್ನು ನೇರವಾಗಿ ಅಲ್ಲಿಗೇ ಕಟ್ಟಿ ಪತ್ರ ಪಡೆಯಿತು. ಮಾಲೀಕರ ಕೈಗೆ ದುಡ್ಡು ಕೊಟ್ಟು, ನೀವೇ ತೀರಿಸಿಕೊಳ್ಳಿ ಅಂತ ಬಿಡಬೇಡಿ.

ಒಸಿ ಇರುವ ಸಣ್ಣ ಹಳೇ ಕಟ್ಟಡ ಸಿಗುವುದು ನಿಜಕ್ಕೂ ಕಷ್ಟ. ನಾನು ತುಂಬ ಕಾಯಬೇಕಾಯಿತು. ಕಾದದ್ದಕ್ಕೆ ಬೆಲೆ ಬಂತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಸಿ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂದ ಮೇಲೆ ಆ ಕಾಗದದ ತೂಕ ಎಲ್ಲರಿಗೂ ಗೊತ್ತಾಗಿದೆ.

ಸ್ವಲ್ಪ ಕ್ಯಾಶ್ ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಅನ್ನುವವರು ಸಿಗುತ್ತಾರೆ. ನಾನು ಒಪ್ಪಲಿಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ಪಡೆದಷ್ಟೇ ದಂಡ ಬೀಳಬಹುದು. ಅಲ್ಲದೆ ನಾಳೆ ನೀವು ಮಾರುವಾಗ ಕೊಂಡ ಬೆಲೆ ಕಡಿಮೆ ಅಂತ ಕಾಣುತ್ತದೆ, ಲಾಭದ ತೆರಿಗೆ ನಿಮ್ಮ ತಲೆಗೇ ಬರುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಅದರಲ್ಲಿ 1 ಪರ್ಸೆಂಟ್ ಟಿಡಿಎಸ್, ಅಂದರೆ ಮಾರುವವರ ಆದಾಯ ತೆರಿಗೆಯ ಲೆಕ್ಕಕ್ಕೆ ಕಡಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ಕೊಳ್ಳುವವರದು. ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ ಇರುವ ಎನ್‌ಆರ್‌ಐ ಆದರೆ ಟಿಡಿಎಸ್ ಇದಕ್ಕಿಂತ ಎಷ್ಟೋ ಜಾಸ್ತಿ. ಆಗ ಆಡಿಟರನ್ನು ಕೇಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ನೀರಿನ ವಿಷಯ ಮಾಲೀಕರನ್ನು ಕೇಳಿ ಪ್ರಯೋಜನ ಇಲ್ಲ. ವಾಚ್‌ಮನ್ ಹೆಂಡತಿಯನ್ನು ಕೇಳಿ. ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಬರುತ್ತದೆ ಅಂತ ಆಕೆಗೆ ಪಕ್ಕಾ ಗೊತ್ತಿರುತ್ತದೆ. ನಮ್ಮ ಕಟ್ಟಡಕ್ಕೆ ಕಾವೇರಿ ನೀರಿನ ಸಂಪರ್ಕ ಇರುವುದನ್ನು ಜಲಮಂಡಳಿ ಬಿಲ್ಲಿನಲ್ಲೇ ನೋಡಿಕೊಂಡಿದ್ದೆ. 2024ರ ಬೇಸಿಗೆಯಲ್ಲಿ ಊರೆಲ್ಲ ನೀರಿಗೆ ಪರದಾಡಿದಾಗ ನಮ್ಮ ಬಾಡಿಗೆದಾರರು ಮನೆ ಬಿಡಲಿಲ್ಲ. ಜೋರು ಮಳೆ ಬಂದ ಮಾರನೇ ದಿನವೂ ಒಮ್ಮೆ ಹೋಗಿ ನೋಡಿ. ಕೆಳಗಿನ ಮನೆಯವರ ಬಾತ್‌ರೂಮ್ ಸೂರಲ್ಲಿ ಕಲೆ ಇದ್ದರೆ ಸೋರುತ್ತಿರುವುದು ನೀವು ಕೊಳ್ಳಲಿರುವ ಮನೆಯೇ ಇರಬಹುದು.

ರಿಜಿಸ್ಟ್ರೇಷನ್ ಆದ ದಿನ ಎಲ್ಲ ಮುಗಿಯಿತು ಅನಿಸುತ್ತದೆ, ಮುಗಿದಿರುವುದಿಲ್ಲ. ನಿಮ್ಮ ಹೆಸರು ಬಂದಿರುವ ಹೊಸ ಇಸಿ ತೆಗೆಸಿ. ಇ-ಖಾತಾ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ಸಾಲ ತೀರಿದ್ದು ಇಸಿಯಲ್ಲಿ ದಾಖಲಾಗಿದೆಯಾ ನೋಡಿ, ಇದನ್ನು ಮರೆಯುವವರೇ ಜಾಸ್ತಿ. ಬೆಸ್ಕಾಂ ಮೀಟರ್, ಆಸ್ತಿ ತೆರಿಗೆ, ಅಸೋಸಿಯೇಷನ್ ಪುಸ್ತಕ ಎಲ್ಲ ಕಡೆ ಹೆಸರು ಬದಲಾಯಿಸಿ. ಆಮೇಲೆ ಬಾಡಿಗೆ ಬೋರ್ಡ್ ಹಾಕಿ.